ಜಪಾನಿ ಸೇನಾ ಕತ್ತಿಯನ್ನು ಗುರುತಿಸುವ ಬಗೆ: ಒರೆಯಿಂದ ನಾಕಾಗೊವರೆಗೆ

ಜಪಾನಿ ಸೇನಾ ಕತ್ತಿಯೊಂದು ಕೈಗೆ ಬಂದಾಗ ‘ಸಾಮುರಾಯ್ ಕತ್ತಿ’ ಎಂಬ ಮಾತನ್ನು ಮೊದಲು ಬದಿಗಿಡಿ. ಸಾಮುರಾಯ್‌ಗಳು ಸೊಂಟಕ್ಕೆ ಕತ್ತಿ ಕಟ್ಟಿ ತಿರುಗುವುದನ್ನು ಮೇಯ್ಜಿ ಸರ್ಕಾರ 1876ರಲ್ಲೇ ನಿಷೇಧಿಸಿತ್ತು. ಎರಡನೇ ಮಹಾಯುದ್ಧದ ಕಣಗಳಿಂದ ಊರು ಸೇರಿದ ಕತ್ತಿಗಳಲ್ಲಿ ಬಹುಪಾಲು ಸೇನೆಗೆಂದೇ ತಯಾರಾದವು. ಇವಕ್ಕೆ ಗುಂತೊ, ಅಂದರೆ ಸೇನಾ ಕತ್ತಿ, ಎಂದು ಹೆಸರು. ಇಲ್ಲೊಂದು ತೊಡಕಿದೆ. ಜಪಾನಿ ಅಧಿಕಾರಿಗಳು ಕತ್ತಿಯನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಿತ್ತು. ಕಾರ್ಖಾನೆಯ ಅಲಗು ಕೊಂಡವರಿದ್ದರು, ಕಮ್ಮಾರನ ಹತ್ತಿರ ಹೇಳಿ ಮಾಡಿಸಿಕೊಂಡವರಿದ್ದರು, ಮನೆತನದ ಮುನ್ನೂರು ವರ್ಷ ಹಳೆಯ ಅಲಗಿಗೆ ಸೇನೆಯ ಹಿಡಿ, ಒರೆ ಹಾಕಿಸಿಕೊಂಡವರೂ ಇದ್ದರು. ಆದ್ದರಿಂದ ಹೊರಗಿನ ಸಜ್ಜು ಒಂದು ಕಥೆ, ಒಳಗಿನ ಅಲಗು ಇನ್ನೊಂದು ಕಥೆ. ಎರಡನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಒರೆ ನೋಡಿ ಅಲಗಿಗೆ ಬೆಲೆ ಕಟ್ಟಿದವರೂ ಕೆಟ್ಟಿದ್ದಾರೆ, ಒರೆ ನೋಡಿ ಅಲಗನ್ನು ತಳ್ಳಿಹಾಕಿದವರೂ ಕೆಟ್ಟಿದ್ದಾರೆ.

ಭಾರತದಲ್ಲಿ ಈ ಕತ್ತಿಗಳು ಸಿಗುವುದಕ್ಕೆ ಕಾರಣ ಬರ್ಮಾ. ಅಲ್ಲಿ ಜಪಾನಿಗಳ ವಿರುದ್ಧ ಹೋರಾಡಿದ ಬ್ರಿಟಿಷ್ ಜನರಲ್ ಸ್ಲಿಮ್‌ನ ಹದಿನಾಲ್ಕನೇ ಸೇನೆಯಲ್ಲಿ ಹೆಚ್ಚಿನವರು ಭಾರತೀಯ ಸೈನಿಕರು. ಕೊಡಗಿನ ಕೆ.ಎಸ್. ತಿಮ್ಮಯ್ಯ ಅರಕಾನ್ ಕಣದಲ್ಲಿ ಬೆಟಾಲಿಯನ್ ಮುನ್ನಡೆಸಿದ್ದರು. 1945ರಲ್ಲಿ ಶರಣಾಗತಿ ನಡೆದಾಗ ಕತ್ತಿ ಒಪ್ಪಿಸುವ ಹಳೆಯ ಶಾಸ್ತ್ರ ಬೇಡವೆಂಬುದು ಅಮೆರಿಕದ ಜನರಲ್ ಮೆಕಾರ್ಥರ್‌ನ ಅಭಿಪ್ರಾಯವಾಗಿತ್ತು. ಸ್ಲಿಮ್ ಒಪ್ಪಲಿಲ್ಲ. ಜಪಾನಿ ಅಧಿಕಾರಿಗಳು ತಮ್ಮ ಸೈನಿಕರ ಎದುರಿಗೇ ಕತ್ತಿ ಬಿಚ್ಚಿ ಕೊಡಬೇಕೆಂದು ಹಟ ಹಿಡಿದ. ಹಾಗೆ ಕೈ ಬದಲಾದ ಕತ್ತಿಗಳು ರೆಜಿಮೆಂಟುಗಳ ಮೆಸ್ಸು ಸೇರಿದವು, ಕೆಲವು ಸೈನಿಕರ ಟ್ರಂಕಿನಲ್ಲಿ ಮನೆಗೂ ಬಂದವು. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಅಂಥದ್ದು ಸಿಕ್ಕಿದ್ದರೆ ಕೆಳಗಿನ ಕ್ರಮದಲ್ಲೇ ಮುಂದುವರಿಯಿರಿ. ಕ್ರಮ ತಪ್ಪಿದರೆ ಹಾಳಾಗುವುದು ಸಾಕ್ಷ್ಯವೇ.

ಮುಟ್ಟುವ ಮೊದಲು

ಏನನ್ನೂ ಉಜ್ಜಬೇಡಿ. ಹುಣಸೆಹಣ್ಣು, ನಿಂಬೆ, ಬೂದಿ, ಬ್ರಾಸೊ, ಮರಳು ಕಾಗದ, ಗ್ರೈಂಡರ್ ಯಾವುದೂ ಹತ್ತಿರ ಸುಳಿಯಬಾರದು. ಹಿತ್ತಾಳೆಯ ಮೇಲಿನ ಮಬ್ಬು, ಒರೆಯ ಬಣ್ಣ, ಅಲಗಿನ ಬುಡದ (ಹಿಡಿಯೊಳಗೆ ಅಡಗಿದ ಭಾಗದ) ಕಂದು ತುಕ್ಕು, ಇವೆಲ್ಲ ಕತ್ತಿಯ ವಯಸ್ಸನ್ನು ಹೇಳುವ ದಾಖಲೆ. ಭಾನುವಾರ ಮಧ್ಯಾಹ್ನದ ಉತ್ಸಾಹದಲ್ಲಿ ಫಳಫಳ ಮಾಡಿಟ್ಟ ಕತ್ತಿ ತನ್ನ ಬೆಲೆಯ ದೊಡ್ಡ ಪಾಲನ್ನು ಅಂದೇ ಕಳೆದುಕೊಂಡಿರುತ್ತದೆ.

ಬೇಕಾದ ಸಾಮಾನು ಕಡಿಮೆ: ಹತ್ತಿಯ ಕೈಗವಸು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಬಟ್ಟೆಯ ಅಳತೆಪಟ್ಟಿ, ಅಯಸ್ಕಾಂತ, ಒಂದೇ ಬಲ್ಬಿನ ಟೇಬಲ್ ಲ್ಯಾಂಪ್, ಐಸೊಪ್ರೊಪೈಲ್ ಆಲ್ಕೊಹಾಲ್, ಮೈಕ್ರೊಫೈಬರ್ ಬಟ್ಟೆ, ಹೊಲಿಗೆ ಯಂತ್ರದ ಎಣ್ಣೆ, ಮೊಂಡು ತುದಿಯ ಹಿತ್ತಾಳೆ ಕಡ್ಡಿ, ಚಿಕ್ಕ ಮರದ ಸುತ್ತಿಗೆ, ಫೋಟೊ ತೆಗೆಯಲು ಮೊಬೈಲ್.

ಒರೆಯಿಂದ ಎಳೆಯುವಾಗ ಕತ್ತಿಯ ಬಾಯಿ, ಅಂದರೆ ಮಸೆದ ಅಂಚು, ಮೇಲಕ್ಕಿರಲಿ, ಬೆನ್ನು ಒರೆಯ ಮೇಲೆ ಜಾರಲಿ. ಒರೆಯ ಬಾಯಿಯ ಸುತ್ತ ಬೆರಳು ಮಡಿಸಿ ಹಿಡಿಯಬೇಡಿ. ಮರದ ಒರೆ ಅಂಟು ಬಿಟ್ಟಿದ್ದರೆ ಅಲಗು ಅದರ ಸೀಳಿನಿಂದ ಹೊರಬಂದು ಅಂಗೈ ಸೀಳುತ್ತದೆ. ಎಂಬತ್ತು ವರ್ಷ ಕಳೆದರೂ ಹಲವು ಅಲಗುಗಳ ಮಸೆ ಹಾಗೇ ಉಳಿದಿರುತ್ತದೆ. ಭೂಸೇನೆಯ ಹಲವು ಕತ್ತಿಗಳಲ್ಲಿ ಹಿಡಿಯ ಬುಡದಲ್ಲಿ ಸಣ್ಣ ಗುಂಡಿಯಿದ್ದು, ಅದನ್ನು ಒತ್ತಿದರೆ ಮಾತ್ರ ಒರೆಯ ಚಿಲಕ ಬಿಡುತ್ತದೆ. ತುಕ್ಕಿನಿಂದ ಗುಂಡಿ ಕಚ್ಚಿಕೊಂಡಿದ್ದರೆ ಎಣ್ಣೆಯ ಒಂದು ಹನಿ ಬಿಟ್ಟು ರಾತ್ರಿಯಿಡೀ ಕಾಯಿರಿ. ಜಗ್ಗಿದರೆ ಮುರಿಯುವುದು ಚಿಲಕದ ತೆಳು ನಾಲಗೆ.

ಹೆಜ್ಜೆ 1: ಹೊರಗಿನಿಂದ ಮಾದರಿ ಗುರುತಿಸುವುದು

ಮಾದರಿಗಳ ಹೆಸರಿನ ಗುಟ್ಟು ಜಪಾನಿನ ಸಾಮ್ರಾಜ್ಯ ವರ್ಷದಲ್ಲಿದೆ. ನಮ್ಮ ಇಸವಿಗೆ 660 ಕೂಡಿಸಿದರೆ ಅದು ಸಿಗುತ್ತದೆ. 1934 ಅಲ್ಲಿ 2594, ಹಾಗಾಗಿ ಆ ವರ್ಷದ ಕತ್ತಿ 94ನೇ ಮಾದರಿ. 1940 ಅಂದರೆ 2600, ಆ ವರ್ಷದ ಯುದ್ಧವಿಮಾನಕ್ಕೆ ‘ಝೀರೊ’ ಎಂಬ ಹೆಸರು ಬಂದದ್ದೂ ಇದೇ ಲೆಕ್ಕದಲ್ಲಿ. ಅದಕ್ಕಿಂತ ಹಳೆಯ ಮಾದರಿಗಳಿಗೆ ಮೇಯ್ಜಿ ವರ್ಷದ ಸಂಖ್ಯೆ.

ಹಿಡಿಗೆ ಬೆರಳು ಕಾಯುವ ಬಾಗಿದ ಲೋಹದ ಬಳೆಯಿದ್ದು ಯುರೋಪಿನ ಸವಾರರ ಕತ್ತಿಯಂತೆ ಕಂಡರೆ ಅದು 1934ಕ್ಕೆ ಮುಂಚಿನ ಕ್ಯೂಗುಂತೊ, ಹಳೆ ಸೇನಾ ಕತ್ತಿ. ಭೂಸೇನೆಯ ಅಧಿಕಾರಿಗಳದ್ದಾದರೆ ಹಿಡಿಯ ಬೆನ್ನಿಗೆ ಹೊದಿಸಿದ ಲೋಹದ ಪಟ್ಟಿ ನೋಡಿ. ಕೆತ್ತನೆ ಕಡಿಮೆಯಿದ್ದರೆ ಕಿರಿಯ ಅಧಿಕಾರಿ, ಪಟ್ಟಿಯ ಉದ್ದಕ್ಕೂ ತುಂಬಿದ್ದರೆ ಜನರಲ್ ದರ್ಜೆ. 1899ರ 32ನೇ ಮಾದರಿ ಸೈನಿಕರಿಗೆ ಸರ್ಕಾರವೇ ಕೊಟ್ಟ ಕತ್ತಿ. ಇದರಲ್ಲಿ ಕುದುರೆ ಪಡೆಗೆ ಉದ್ದನೆಯದು, ಉಳಿದವರಿಗೆ ಅದಕ್ಕಿಂತ ಗಿಡ್ಡ.

ಬಳೆಯಿಲ್ಲದೆ, ಪಟ್ಟಿ ಸುತ್ತಿದ ಉದ್ದ ಹಿಡಿಯಿದ್ದರೆ ಶಿನ್‌ಗುಂತೊ, ಹೊಸ ಸೇನಾ ಕತ್ತಿ. ಹೆಚ್ಚಿನವರ ಕೈಗೆ ಸಿಗುವುದು ಇದೇ. ಬಿಳಿ ತೊರಕೆ (ಸ್ಟಿಂಗ್‌ರೇ) ಮೀನಿನ ಚರ್ಮದ ಮೇಲೆ ಕಂದು ಪಟ್ಟಿಯನ್ನು ವಜ್ರಾಕಾರದ ಕಿಂಡಿ ಬಿಡುತ್ತ ಸುತ್ತಿರುತ್ತಾರೆ. ಮೂರು ಚೆರಿ ಹೂಗಳ ಗೊಂಚಲಿನ ಆಭರಣ ಪಟ್ಟಿಯಡಿ ಕೂತಿರುತ್ತದೆ. ಕೈಕಾಪು, ಅಂದರೆ ತ್ಸುಬಾ, ನಾಲ್ಕು ಎಸಳಿನ ಆಕಾರದ್ದಾಗಿದ್ದು ಅದರ ಮೇಲೂ ಚೆರಿ ಹೂ. ಒರೆ ಲೋಹದ್ದು, ಹಸಿರು ಮಿಶ್ರಿತ ಕಂದು ಬಣ್ಣ. ಒರೆಗೆ ಎರಡು ನೇತುಬಳೆಗಳಿದ್ದು ಕೆಳಗಿನದನ್ನು ಬಿಚ್ಚುವಂತಿದ್ದರೆ 94ನೇ ಮಾದರಿ, ಒಂದೇ ಇದ್ದರೆ 1938ರ 98ನೇ ಮಾದರಿ. 94ರ ಎರಡನೇ ಬಳೆ ಕಳೆದುಹೋಗಿ 98 ಎನಿಸಿಕೊಂಡ ಕತ್ತಿಗಳೂ ಇವೆ, ಒರೆಯ ಬಣ್ಣದಲ್ಲಿ ಬಳೆ ಕೂತಿದ್ದ ಗೆರೆ ಹುಡುಕಿ. ಯುದ್ಧ ಮುಂದುವರಿದಂತೆ ಹಿತ್ತಾಳೆಯ ಜಾಗಕ್ಕೆ ಕಬ್ಬಿಣ, ಲೋಹದ ಒರೆಯ ಜಾಗಕ್ಕೆ ಚರ್ಮ ಹೊದಿಸಿದ ಮರ ಬಂತು. ಹೂವಿನ ಕೆತ್ತನೆಯೂ ಸರಳವಾಯಿತು. ಒರಟಾಗಿದೆ ಎಂಬ ಒಂದೇ ಕಾರಣಕ್ಕೆ ನಕಲಿ ಅನ್ನಬೇಡಿ.

ಸಂಗ್ರಹಕಾರರು 3ನೇ ಮಾದರಿ ಅಥವಾ ರಿಂಜಿ ಸೇಯ್‌ಶಿಕಿ ಎನ್ನುವುದು ಯುದ್ಧದ ಅನುಭವದಿಂದ ಹುಟ್ಟಿದ ಗಟ್ಟಿ ಕತ್ತಿ. ಅದರಲ್ಲಿ ಹಿಡಿಯ ಪಟ್ಟಿಗೆ ಅರಗು ಬಳಿದಿರುತ್ತಾರೆ, ಕೈಕಾಪು ಅಲಂಕಾರವಿಲ್ಲದ ಕಬ್ಬಿಣ, ಅಲಗನ್ನು ಹಿಡಿಗೆ ಬಿಗಿಯಲು ಒಂದರ ಬದಲು ಎರಡು ಕೀಲು. ಈ ಎರಡನೇ ಕೀಲನ್ನು ನೆನಪಿಡಿ, ಮುಂದೆ ಬರುತ್ತದೆ.

ನೌಕಾಪಡೆಯದು 1937ರ 97ನೇ ಮಾದರಿ, ಕಾಯ್‌ಗುಂತೊ. ಒರೆ ಕಪ್ಪು ಅರಗಿನದು ಅಥವಾ ಕಪ್ಪು ಮೀನುಚರ್ಮದ್ದು, ನೇತುಬಳೆ ಎರಡು. ಕೈಕಾಪು ಮೊಟ್ಟೆಯಾಕಾರದ್ದು, ಅದಕ್ಕೆ ತಾಗಿದ ದೊಡ್ಡ ಬಿಲ್ಲೆಯ ಮೇಲೆ ಸೂರ್ಯಕಿರಣದ ಗೆರೆಗಳು. ಉಪ್ಪು ಗಾಳಿಗೆ ತಡೆಯಲೆಂದು ಇವುಗಳಲ್ಲಿ ಹಲವಕ್ಕೆ ತುಕ್ಕು ಹಿಡಿಯದ ಉಕ್ಕಿನ ಅಲಗು. ಹಳೆ ಕತ್ತಿಗೆ ಸ್ಟೇನ್‌ಲೆಸ್ ಅಲಗೇ ಎಂದು ಅನುಮಾನಿಸಿ ಅಸಲಿಯನ್ನು ಕೈಬಿಟ್ಟವರಿದ್ದಾರೆ. ಬುಡದಲ್ಲಿ ಲಂಗರಿನ ಮುದ್ರೆಯಿದೆಯೇ ನೋಡಿ.

95ನೇ ಮಾದರಿಯ ಮಾತು ಬೇರೆ. 1935ರಲ್ಲಿ ಬಂದ ಇದು ಹವಾಲ್ದಾರ್ ಮಟ್ಟದವರಿಗೆ ಸರ್ಕಾರ ಕೊಟ್ಟ, ಪೂರ್ತಿ ಯಂತ್ರದಲ್ಲೇ ತಯಾರಾದ ಕತ್ತಿ. ಹಿಡಿ ಅಲ್ಯೂಮಿನಿಯಂ ಎರಕ. ಪಟ್ಟಿ ಸುತ್ತಿದಂತೆ ಅಚ್ಚು ಮೂಡಿಸಿ ಮೇಲೆ ಬಣ್ಣ ಬಳಿದಿರುತ್ತಾರೆ. ಮೊದಲಿನ ಕೆಲವಕ್ಕೆ ತಾಮ್ರದ ಹಿಡಿಯಿತ್ತು, ಅವು ಅಪರೂಪ. ಮೊದಮೊದಲು ಕೈಕಾಪು ಹಿತ್ತಾಳೆಯದು, ಆಮೇಲೆ ಕಬ್ಬಿಣದ್ದು, ಕೊನೆಗೆ 1944-45ರ ಹೊತ್ತಿಗೆ ಹಿಡಿಯೂ ಬರಿಯ ಮರ. ಅಲಗಿನ ಎರಡೂ ಮಗ್ಗುಲಿಗೆ ಉದ್ದನೆಯ ತೋಡು ಕೊರೆದಿರುತ್ತದೆ. ಹಿಡಿಯ ಹತ್ತಿರ ಅಲಗಿನ ಮೇಲೆ ಕ್ರಮಸಂಖ್ಯೆ, ಒರೆಯ ಬಾಯಿಯ ಲೋಹದ ಮೇಲೂ ಅದೇ ಸಂಖ್ಯೆ. ಎರಡೂ ತಾಳೆಯಾದರೆ ಜೋಡಿ ಒಂದೇ, ಆಗದಿದ್ದರೆ ಶರಣಾಗತಿಯ ರಾಶಿಯಲ್ಲಿ ಒರೆ ಅದಲುಬದಲಾಗಿದೆ. ಬೆಲೆ ಇಳಿಯುತ್ತದೆ, ಅಸಲಿತನಕ್ಕೆ ಧಕ್ಕೆಯಿಲ್ಲ. ಈ ಮಾದರಿಯ ಬುಡದಲ್ಲಿ ಕಮ್ಮಾರನ ಹೆಸರು ಇರುವುದಿಲ್ಲ. ಹಿಡಿಯನ್ನು ಒಂದು ಸ್ಕ್ರೂ ಹಿಡಿದಿರುತ್ತದೆ. ಅದು ಸುಲಭಕ್ಕೆ ತಿರುಗದಿದ್ದರೆ ಬಿಟ್ಟುಬಿಡಿ. ಒಳಗೆ ಓದಲು ಏನೂ ಇಲ್ಲ, ಬಲ ಹಾಕಿದರೆ ಅಲ್ಯೂಮಿನಿಯಂ ಸೀಳುತ್ತದೆ.

ಹೆಜ್ಜೆ 2: ಗೊಂಡೆ, ಲಾಂಛನ, ಚೀಟಿ

ಹಿಡಿಗೆ ಕಟ್ಟಿದ ಗೊಂಡೆ ದರ್ಜೆ ಹೇಳುತ್ತದೆ. ಭೂಸೇನೆಯಲ್ಲಿ ಕಂದು-ನೀಲಿ ಇದ್ದರೆ ಕ್ಯಾಪ್ಟನ್‌ವರೆಗಿನವರು, ಕಂದು-ಕೆಂಪು ಇದ್ದರೆ ಮೇಜರ್‌ನಿಂದ ಕರ್ನಲ್‌ವರೆಗೆ, ಚಿನ್ನದ ಎಳೆ ಸೇರಿದ್ದರೆ ಜನರಲ್. ಚರ್ಮದ ಪಟ್ಟಿ 95ನೇ ಮಾದರಿಯದು. ಗೊಂಡೆ ಎರಡು ನಿಮಿಷದಲ್ಲಿ ಬಿಚ್ಚಿ ಕಟ್ಟುವ ವಸ್ತು, ಅದನ್ನೇ ನಂಬಿ ‘ಜನರಲ್ ಕತ್ತಿ’ಯ ಬೆಲೆ ತೆರಬೇಡಿ. ಹಿಡಿಯ ತುದಿಯ ಟೊಪ್ಪಿಗೆಯ ಮೇಲೆ ಸಣ್ಣ ಬೆಳ್ಳಿ ಲಾಂಛನವಿದ್ದರೆ ಅದು ಅಧಿಕಾರಿಯ ಮನೆತನದ ಗುರುತು, ಹುಡುಕಾಟಕ್ಕೆ ಒಳ್ಳೆಯ ಸುಳಿವು. ಒರೆಗೋ ಹಿಡಿಗೋ ಬಟ್ಟೆಯ ಚೂರು ಅಥವಾ ಮರದ ಚಿಕ್ಕ ಹಲಗೆ ಕಟ್ಟಿ ಜಪಾನಿಯಲ್ಲಿ ಬರೆದಿದ್ದರೆ ಅದು ಶರಣಾಗತಿಯ ಚೀಟಿ. ಅದರಲ್ಲಿ ಹೆಸರು, ದರ್ಜೆ, ಕೆಲವೊಮ್ಮೆ ಊರು ಇರುತ್ತದೆ. ಎಷ್ಟೇ ಕೊಳೆಯಾಗಿದ್ದರೂ ತೊಳೆಯಬೇಡಿ, ಬಿಚ್ಚಲೂ ಬೇಡಿ.

ಹೆಜ್ಜೆ 3: ಅಲಗನ್ನು ನೋಡುವುದು

ಉದ್ದ ಅಳೆಯುವುದು ತುದಿಯಿಂದ ಬೆನ್ನಿನ ಕಡೆಯ ಕಚ್ಚಿನವರೆಗೆ, ಬಾಗಿನ ಮೇಲೆ ಹರಿಯದೆ ನೇರ ರೇಖೆಯಲ್ಲಿ. ಅಧಿಕಾರಿಗಳ ಅಲಗು ಸಾಮಾನ್ಯವಾಗಿ 60ರಿಂದ 70 ಸೆಂಟಿಮೀಟರ್ ಒಳಗೆ. ಜಪಾನಿ ಲೆಕ್ಕದಲ್ಲಿ ಎರಡು ಶಾಕು, ಅಂದರೆ 60.6 ಸೆಂಟಿಮೀಟರ್ ಮೀರಿದರೆ ಕತಾನಾ, ಅದಕ್ಕಿಂತ ಗಿಡ್ಡವಾದರೆ ವಾಕಿಜಾಶಿ.

ಅಲಗಿನ ಎಣ್ಣೆಯನ್ನು ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಬುಡದಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಿ. ಕೋಣೆಯ ದೀಪ ಆರಿಸಿ, ಒಂದೇ ಬಲ್ಬಿನತ್ತ ತುದಿ ಚಾಚಿ, ಬೆಳಕು ಅಲಗಿನ ಮೇಲೆ ಜಾರುವಂತೆ ಮೆಲ್ಲನೆ ಓರೆ ಮಾಡಿ. ಬಾಯಿಯ ಉದ್ದಕ್ಕೂ ಬೆಳ್ಳನೆಯ ಅಲೆಯಂಥ ಗೆರೆ ಕಾಣುತ್ತದೆ. ಅದೇ ಹಾಮೊನ್, ಹದದ ಗೆರೆ. ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳುವಾಗಿ ಜೇಡಿಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ, ನೀರಿಗೆ ಅದ್ದಿದಾಗ ಬಾಯಿ ಬೇಗ ತಣಿದು ಗಡುಸಾಗುತ್ತದೆ, ಬೆನ್ನು ನಿಧಾನ ತಣಿದು ಮೆದುವಾಗಿ ಉಳಿಯುತ್ತದೆ. ಎರಡರ ಗಡಿಯೇ ಆ ಗೆರೆ.

ಭೂತಗನ್ನಡಿಯಲ್ಲಿ ಗಡಿಯಗುಂಟ ಹೊಳೆಯುವ ಸಣ್ಣ ಹರಳುಗಳು ಕಂಡರೆ, ಅಲಗಿನ ಮೈಯಲ್ಲಿ ಮರದ ನಾರಿನಂಥ ವಿನ್ಯಾಸವೂ ಕಂಡರೆ, ಸಾಂಪ್ರದಾಯಿಕವಾಗಿ ಉಕ್ಕನ್ನು ಮಡಿಸಿ ಬಡಿದು ನೀರಿನಲ್ಲಿ ಹದ ಕೊಟ್ಟ ಅಲಗೆನ್ನಲು ಬಲವಾದ ಆಧಾರ. ಈ ಕಾಲದ ಅಂಥ ಅಲಗಿಗೆ ಗೆಂದಾಯ್‌ತೊ ಎನ್ನುತ್ತಾರೆ. ಮೈ ಗಾಜಿನಂತೆ ಸಪಾಟು, ಹರಳಿಲ್ಲ, ಗೆರೆ ಮಾತ್ರ ಅಚ್ಚು ಹಾಕಿದಂತೆ ಒಂದೇ ಸಮನೆ ಏರಿಳಿದಿದೆ ಎಂದರೆ ಕಾರ್ಖಾನೆಯ ಉಕ್ಕನ್ನು ಎಣ್ಣೆಯಲ್ಲಿ ತಣಿಸಿದ ಶೋವಾತೊ ಇರಬೇಕು. ಎಣ್ಣೆಯಲ್ಲಿ ಅಲಗು ಬಿರುಕು ಬಿಡುವ ಭಯ ಕಡಿಮೆ, ಸೇನೆಗೆ ಬೇಕಾದದ್ದೂ ಅದೇ. ಇನ್ನು ಗೆರೆಯೆಲ್ಲ ಆಮ್ಲದಲ್ಲಿ ಅದ್ದಿದ ಹಾಗೆ ಮಂಕು ಬಿಳಿಯಾಗಿದ್ದು, ಬೆಳಕು ಓರೆ ಮಾಡಿದರೂ ಬದಲಾಗದೆ ಮೇಲ್ಮೈಗೇ ಅಂಟಿಕೊಂಡಿದ್ದರೆ ಅನುಮಾನ ಪಡಿ. ತುಕ್ಕು ತಿಂದು ಮಬ್ಬಾದ ಅಲಗಿನಲ್ಲಿ ಇದಾವುದೂ ಕಾಣುವುದಿಲ್ಲ. ಕಾಣಲಿಲ್ಲ ಎಂದು ಉಜ್ಜಬೇಡಿ, ಬುಡ ನೋಡುವುದಿದೆ.

ಹೆಜ್ಜೆ 4: ಹಿಡಿ ಬಿಚ್ಚುವುದು

ಅಧಿಕಾರಿಗಳ ಕತ್ತಿಯ ಅಲಗನ್ನು ಹಿಡಿಯಲ್ಲಿ ನಿಲ್ಲಿಸುವುದು ಮೆಕುಗಿ ಎಂಬ ಒಂದು ಬಿದಿರಿನ ಕೀಲು (3ನೇ ಮಾದರಿಯಲ್ಲಿ ಎರಡು). ಅದರ ಒಂದು ತುದಿ ಸಪೂರ, ಇನ್ನೊಂದು ದಪ್ಪ. ಸಪೂರ ತುದಿಗೆ ಹಿತ್ತಾಳೆ ಕಡ್ಡಿಯಿಟ್ಟು ಮರದ ಸುತ್ತಿಗೆಯಿಂದ ಮೆತ್ತಗೆ ತಟ್ಟಿ. ದಪ್ಪ ತುದಿಗೆ ಬಡಿದರೆ ಕೀಲು ಇನ್ನೂ ಬಿಗಿಯುತ್ತದೆ. ಕಬ್ಬಿಣದ ಮೊಳೆ ಬಳಸಿದರೆ ಬಿದಿರು ಸಿಬಿರೆದ್ದು ತೂತಿನಲ್ಲೇ ಕೂರುತ್ತದೆ. ಕೀಲು ಪಟ್ಟಿಯಡಿ ಮರೆಯಾಗಿದ್ದರೆ ಪಟ್ಟಿಯನ್ನು ಬೆರಳಿನಲ್ಲೇ ಸರಿಸಿ, ಕತ್ತರಿಸಬೇಡಿ.

ಕೀಲು ಬಂದ ಮೇಲೆ ಎಡಗೈಯಲ್ಲಿ ಹಿಡಿಯ ತುದಿ ಹಿಡಿದು, ಅಲಗನ್ನು ಮೇಲಕ್ಕೆ ತುಸು ಓರೆಯಾಗಿ, ಬಾಯಿ ನಿಮ್ಮಿಂದ ಆಚೆಗಿರುವಂತೆ ನಿಲ್ಲಿಸಿ. ಬಲಗೈ ಮುಷ್ಟಿಯಿಂದ ಎಡಗೈ ಮಣಿಕಟ್ಟಿನ ಮೇಲೆ ಗುದ್ದಿ. ಎರಡು ಮೂರು ಗುದ್ದಿಗೆ ಅಲಗು ಕದಲಿ ಮೇಲಕ್ಕೆ ಬರುತ್ತದೆ. ಮೊದಲು ಮೆಲ್ಲಗೆ. ಸಡಿಲ ಅಲಗು ಒಂದೇ ಏಟಿಗೆ ಚಿಮ್ಮಿ ಪಾದದ ಮೇಲೆ ಬಿದ್ದದ್ದುಂಟು.

ಎಂಬತ್ತು ವರ್ಷ ಬಿಚ್ಚದ ಕತ್ತಿ ಇಷ್ಟಕ್ಕೆ ಬಗ್ಗುವುದಿಲ್ಲ. ಬುಡದ ತುಕ್ಕು ಉಬ್ಬಿ ಮರವನ್ನು ಕಚ್ಚಿರುತ್ತದೆ. ಅಲಗಿನ ಬೆನ್ನಿಗೆ ತೋಡು ಕೊರೆದ ಮೆದು ಮರದ ತುಂಡನ್ನು ಒರಗಿಸಿ, ಆ ತುಂಡಿನ ಮೂಲಕ ಕೈಕಾಪನ್ನು ಹಿಡಿಯ ಕಡೆಗೆ ಎರಡೂ ಮಗ್ಗುಲಲ್ಲಿ ಸಮವಾಗಿ ತಟ್ಟಿ. ಅಲಗನ್ನು ವೈಸ್‌ಗೆ ಸಿಕ್ಕಿಸುವುದು, ಹಿಡಿಗೆ ಎಣ್ಣೆ ಸುರಿಯುವುದು, ಬಿಸಿ ಮಾಡುವುದು ಯಾವುದೂ ಬೇಡ. ಎಣ್ಣೆ ಮೀನುಚರ್ಮದ ಅಂಟನ್ನೂ ಪಟ್ಟಿಯನ್ನೂ ಕೆಡಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮರ ಉಬ್ಬಿರುವಾಗ ಹಟ ಮಾಡುವುದಕ್ಕಿಂತ ಮಾಘ-ಫಾಲ್ಗುಣದ ಒಣ ಹವೆಯವರೆಗೆ ಕಾಯುವುದು ಲೇಸು.

ಕೈಕಾಪಿನ ಎರಡೂ ಕಡೆ ಸೆಪ್ಪಾ ಎಂಬ ತೆಳು ಬಿಲ್ಲೆಗಳಿರುತ್ತವೆ. ಸೇನಾ ಕತ್ತಿಯಲ್ಲಿ ಇವು ಆರೋ ಎಂಟೋ ಇರಬಹುದು. ಒಂದೊಂದನ್ನೂ ತೆಗೆಯುವ ಮೊದಲು ಫೋಟೊ ತೆಗೆದು, ಅದೇ ಕ್ರಮದಲ್ಲಿ ದಾರಕ್ಕೆ ಪೋಣಿಸಿ. ಕ್ರಮ ತಪ್ಪಿದರೆ ಮತ್ತೆ ಜೋಡಿಸುವಾಗ ಕೀಲಿನ ತೂತುಗಳು ಒಂದಕ್ಕೊಂದು ಕೂರುವುದಿಲ್ಲ, ಹಿಡಿ ಅಲ್ಲಾಡುತ್ತದೆ. ಬಿಲ್ಲೆಗಳಲ್ಲಿ, ಕೈಕಾಪಿನಲ್ಲಿ ಒಂದೇ ಚಿಕ್ಕ ಸಂಖ್ಯೆ ಕೊರೆದಿದ್ದರೆ ಅವೆಲ್ಲ ಮೊದಲಿಂದ ಒಟ್ಟಿಗಿದ್ದವು. ಎಲ್ಲದರಲ್ಲೂ ಅದೇ ಅಂಕೆ ಸಿಕ್ಕಿದರೆ ಸಜ್ಜು ಅಸಲಿ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ.

ಹೆಜ್ಜೆ 5: ನಾಕಾಗೊ ಓದುವುದು

ಹಿಡಿಯೊಳಗೆ ಅಡಗಿದ ಅಲಗಿನ ಬುಡವೇ ನಾಕಾಗೊ. ಅದಕ್ಕೆ ಎಣ್ಣೆಯನ್ನೂ ಹಚ್ಚಬೇಡಿ, ಅಲ್ಲಿಯ ತುಕ್ಕನ್ನೂ ಕೀಳಬೇಡಿ. ಯುದ್ಧಕಾಲದ ಬುಡ ಬೂದು-ಕಂದು, ಅರದ ಗೆರೆಗಳು ಇನ್ನೂ ಚೂಪು. ನೂರಾರು ವರ್ಷದ್ದು ಕಪ್ಪು-ಕಂದು, ನುಣುಪಾಗಿ ಆಳಕ್ಕಿಳಿದ ತುಕ್ಕು, ಅರದ ಗೆರೆ ಸವೆದಿರುತ್ತದೆ. ಕಿತ್ತಳೆ ಬಣ್ಣದ ಪುಡಿ ತುಕ್ಕು ಈಚಿನದು. ನಕಲಿ ಮಾಡುವವರು ಆಮ್ಲ ಹಾಕಿ ಎಬ್ಬಿಸುವುದೂ ಇದನ್ನೇ. ಬಿಳಿ, ಕೆಂಪು, ಹಳದಿ ಬಣ್ಣದಲ್ಲಿ ಬರೆದ ಸಂಖ್ಯೆಗಳು ಕಂಡರೆ ಅವು ಸಜ್ಜು ಜೋಡಿಸಿದ ಅಂಗಡಿಯ ಗುರುತು. ಆಲ್ಕೊಹಾಲ್ ತಾಗಿದರೆ ಅಳಿಸಿಹೋಗುತ್ತವೆ.

ಹಲವು ತೂತುಗಳಿದ್ದರೆ ಹಿಂದೆ ಬೇರೆ ಹಿಡಿಗಳಿದ್ದ, ಮೊಟಕುಗೊಳಿಸಿದ ಹಳೆ ಅಲಗಿರಬಹುದು. ಇಲ್ಲೇ 3ನೇ ಮಾದರಿಯ ಎರಡನೇ ಕೀಲು ಮೋಸ ಮಾಡುವುದು. ಬುಡದ ತುದಿಯ ಹತ್ತಿರ, ಯಂತ್ರದಲ್ಲಿ ಕೊರೆದಂತೆ ದುಂಡಗಿನ ಎರಡನೇ ತೂತು 1940ರ ದಶಕದ್ದು, ಹಳೆತನದ ಗುರುತಲ್ಲ.

ಇನ್ನು ಮುದ್ರೆಗಳು. ಜಪಾನಿನ ಗಿಫು ಪ್ರಾಂತದ ಸೆಕಿ ಊರು ಅಲಗು ತಯಾರಿಕೆಯ ದೊಡ್ಡ ಕೇಂದ್ರ. ಅಲ್ಲಿಯ ಮುದ್ರೆ, ಅಥವಾ ಹೂವಿನ ಚೌಕಟ್ಟಿನೊಳಗೆ ‘ಶೋ’ ಅಕ್ಷರದ ಶೋವಾ ಮುದ್ರೆ ಕಂಡರೆ ಅಲಗು ಬಹುಮಟ್ಟಿಗೆ ಶೋವಾತೊ. ಸಣ್ಣ ನಕ್ಷತ್ರದ ಮುದ್ರೆ ಸೇನೆ ನೇಮಿಸಿದ ಕಮ್ಮಾರನ ಸಾಂಪ್ರದಾಯಿಕ ಕೆಲಸವನ್ನು ಹೇಳುತ್ತದೆ, ಸಂಗ್ರಹಕಾರರು ಹುಡುಕುವುದು ಇದನ್ನು. ಮುದ್ರೆಯೇ ಇಲ್ಲದಿದ್ದರೆ ಯಾವ ತೀರ್ಮಾನವೂ ಇಲ್ಲ, ಅಲಗನ್ನೇ ನಂಬಬೇಕು.

ಕೆತ್ತಿದ ಹೆಸರಿಗೆ ಮೇ ಎನ್ನುತ್ತಾರೆ. ಮೇಲಿನಿಂದ ಕೆಳಗೆ ಓದುವುದು: ಮೊದಲು ಪ್ರಾಂತ ಅಥವಾ ಊರು, ನಡುವೆ ‘ಜೂ’ ಅಂದರೆ ವಾಸಿ, ಆಮೇಲೆ ಕಮ್ಮಾರನ ಹೆಸರು, ಕೊನೆಗೆ ‘ಸಾಕು’ ಅಂದರೆ ಮಾಡಿದ. ಸೆಕಿಯ ಕಮ್ಮಾರರಲ್ಲಿ ಬಹಳ ಜನರ ಹೆಸರು ‘ಕಾನೆ’ ಎಂದೇ ಶುರು. ಟೋಕಿಯೊದ ಯಾಸುಕುನಿ ದೇಗುಲದ ಆವರಣದ ಕುಲುಮೆಯಲ್ಲಿ 1933ರಿಂದ 1945ರವರೆಗೆ ಸುಮಾರು 8,100 ಅಲಗುಗಳು ತಯಾರಾದವು. ಅಲ್ಲಿಯವರ ಹೆಸರು ‘ಯಾಸು’ ಎಂದು ಆರಂಭ: ಯಾಸುನೊರಿ, ಯಾಸುತೊಕು, ಯಾಸುಮಿತ್ಸು. ‘ಕೋಆ ಇಶ್ಶಿನ್ ಮಾಂತೆತ್ಸು’ ಎಂದಿದ್ದರೆ ಅದು ದಕ್ಷಿಣ ಮಂಚೂರಿಯಾ ರೈಲ್ವೆಯ ಕಾರ್ಖಾನೆಯ ಅಲಗು. ಸಂಪ್ರದಾಯದ್ದಲ್ಲ, ಆದರೂ ಗಟ್ಟಿತನಕ್ಕೆ ಹೆಸರಾದದ್ದರಿಂದ ಸಾದಾ ಶೋವಾತೊಗಿಂತ ಹೆಚ್ಚಿಗೆ ಬೆಲೆ.

ತಾರೀಖು ಸಾಮಾನ್ಯವಾಗಿ ಇನ್ನೊಂದು ಮಗ್ಗುಲಿಗೆ. ಜಪಾನಿ ಬಾರದವರೂ ಓದಬಹುದು. ಒಂದು, ಎರಡು, ಮೂರು ಎಂದರೆ ಅಷ್ಟೇ ಅಡ್ಡಗೆರೆಗಳು. ಹತ್ತು ಎಂದರೆ ಕೂಡುವ ಚಿಹ್ನೆ. ಎಂಟು ಎಂದರೆ ತುದಿ ಕೂಡದ ಮಾಡಿನಂತೆ ಎರಡು ಓರೆಗೆರೆ. ಚಕ್ರವರ್ತಿಯ ಆಳ್ವಿಕೆಯ ಕಾಲದ ಹೆಸರಾದ ‘ಶೋವಾ’ದ ಎರಡು ಅಕ್ಷರಗಳ ಕೆಳಗೆ ಕೂಡುವ ಚಿಹ್ನೆ, ಅದರ ಕೆಳಗೆ ಎರಡು ಓರೆಗೆರೆ ಇದ್ದರೆ ಹತ್ತು ಮತ್ತು ಎಂಟು, ಶೋವಾ 18. ಇದಕ್ಕೆ 1925 ಕೂಡಿಸಿ: 1943. ತೈಶೋ ಆದರೆ 1911, ಮೇಯ್ಜಿ ಆದರೆ 1867 ಕೂಡಿಸಬೇಕು. ತಿಂಗಳು ಹೆಚ್ಚಾಗಿ ಎರಡನೆಯದು ಅಥವಾ ಎಂಟನೆಯದೇ ಇರುವುದು ವಾಡಿಕೆ.

ಓರೆ ಬೆಳಕಿನಲ್ಲಿ, ಬುಡದ ಎರಡೂ ಮಗ್ಗುಲು ಮತ್ತು ಬೆನ್ನನ್ನು, ಬುಡದ ತುದಿ ಕೆಳಗಿರುವಂತೆ ಫೋಟೊ ತೆಗೆಯಿರಿ. ಅಕ್ಷರಗಳಿಗೆ ಸೀಮೆಸುಣ್ಣ ತುಂಬಬೇಡಿ. ಪ್ರಸಿದ್ಧ ಹೆಸರು ಕಂಡ ಕೂಡಲೇ ಹಿಗ್ಗುವುದೂ ಬೇಡ. ದೊಡ್ಡ ಕಮ್ಮಾರರ ಹೆಸರನ್ನು ಕಳ್ಳತನದಿಂದ ಕೊರೆಯುವ ಕಸುಬು ಜಪಾನಿನಲ್ಲೇ ಶತಮಾನಗಳಷ್ಟು ಹಳೆಯದು. ಕೆತ್ತನೆಯ ಗೆರೆಯೊಳಗಿನ ತುಕ್ಕು ಸುತ್ತಲಿನ ತುಕ್ಕಿಗೆ ಹೊಂದಬೇಕು.

ಹೆಜ್ಜೆ 6: ನಕಲಿ ಹಿಡಿಯುವುದು

ಮಾರುಕಟ್ಟೆಯಲ್ಲಿ ಹೊಸದಾಗಿ ಮಾಡಿದ ನಕಲಿಗಳು ಬೇಕಾದಷ್ಟಿವೆ. ಅತಿ ಹೆಚ್ಚು ಕಾಣುವುದು 95ನೇ ಮಾದರಿಯದು. ಅಸಲಿ ಸಂಖ್ಯೆ ಚಿಕ್ಕದು, ಅಂಕೆಗಳು ಚೊಕ್ಕ. ನಕಲಿಯಲ್ಲಿ ಅಂಕೆ ದಪ್ಪ, ಸಾಲು ವಕ್ರ, ಒಂದೊಂದರ ಆಳ ಒಂದೊಂದು ಬಗೆ. ಹಿಡಿಯ ಎರಕದಲ್ಲಿ ಅಸಲಿಯದು ಪಟ್ಟಿಯ ನೇಯ್ಗೆಯವರೆಗೂ ಸ್ಪಷ್ಟ, ನಕಲಿಯದು ಕರಗಿದ ಬೆಲ್ಲದಂತೆ ಮಸುಕು. ಅಲಗಿನ ತೋಡಿನ ಅಂಚು ಅಸಲಿಯಲ್ಲಿ ನೂಲು ಹಿಡಿದಂತೆ ನೇರ, ನಕಲಿಯಲ್ಲಿ ಅಲೆಯುತ್ತದೆ.

ಅಧಿಕಾರಿ ಮಾದರಿಯಲ್ಲಿ ಮೊದಲು ಹಿಡಿಯ ಪಟ್ಟಿ ನೋಡಿ. ಅಸಲಿಯಲ್ಲಿ ಒಂದು ತಿರುವು ಎಡದ ಮೇಲೆ, ಮುಂದಿನದು ಬಲದ ಮೇಲೆ, ಹೀಗೆ ಅದಲುಬದಲು, ಬೆರಳಲ್ಲಿ ತಳ್ಳಿದರೂ ಜರುಗದ ಬಿಗಿ. ಕಾಟನ್ ಟೇಪಿನಂತೆ ಸಡಿಲವಾಗಿ ಜಾರಿದರೆ, ಮೀನುಚರ್ಮದ ಜಾಗದಲ್ಲಿ ಒಂದೇ ಗಾತ್ರದ ಚುಕ್ಕಿಗಳ ಪ್ಲಾಸ್ಟಿಕ್ ಇದ್ದರೆ ಮಾತು ಮುಗಿಯಿತು. ಕಣ್ಣು ಕುಕ್ಕುವ ಹಳದಿ ಹಿತ್ತಾಳೆ, ಹೊಟ್ಟೆ ಉಬ್ಬಿದ ಚೆರಿ ಹೂಗಳು, ಅಲಗಿನ ಮೇಲೆ ಡ್ರ್ಯಾಗನ್ ಅಥವಾ ದೊಡ್ಡ ಘೋಷಣೆಯ ಬರಹ, ಬೇರೆಬೇರೆ ಮಾದರಿಯ ಭಾಗಗಳ ಕಿಚಡಿ, ಇವೆಲ್ಲ ಪ್ರವಾಸಿಗರಿಗೆಂದು ಮಾಡಿದ ಸರಕು. ಬುಡ ಮತ್ತು ಅಲಗು ಒಂದೇ ಬಣ್ಣದಲ್ಲಿ ಒಂದೇ ಹದಕ್ಕೆ ತುಕ್ಕು ಹಿಡಿದಿದ್ದರೆ ಎರಡನ್ನೂ ಒಟ್ಟಿಗೆ ಆಮ್ಲಕ್ಕೆ ಅದ್ದಿದ್ದಾರೆಂದೇ ಲೆಕ್ಕ. ಅಸಲಿಯಲ್ಲಿ ಬುಡ ಹಿಡಿಯೊಳಗೆ ಬೇರೆ ಬಾಳು ಬಾಳಿರುತ್ತದೆ.

ಕೊಳ್ಳುವಾಗ ಮಾರುವವರಿಂದ ಬುಡದ ಎರಡೂ ಮಗ್ಗುಲು, ತುದಿ, ಕೈಕಾಪಿನ ಎರಡೂ ಬದಿ, ಒರೆಯ ಬಾಯಿ, ಇಷ್ಟರ ಫೋಟೊ ಕೇಳಿ. ‘ಹಿಡಿ ಬಿಚ್ಚಲು ಬರುವುದಿಲ್ಲ’ ಎಂದರೆ ಒಳಗೆ ಏನೂ ಇಲ್ಲವೆಂದೇ ಎಣಿಸಿ ಬೆಲೆ ಹೇಳಿ. ಬಾಯಿಯಲ್ಲಿ ಅಡ್ಡಡ್ಡ ಹೋದ ಕೂದಲೆಳೆಯ ಬಿರುಕು, ತುದಿಯ ಕಡೆ ಹದದ ಗೆರೆ ಕಡಿದುಹೋಗಿರುವುದು ಸರಿಪಡಿಸಲಾಗದ ದೋಷಗಳು. ತುಕ್ಕು, ಮಬ್ಬು, ಹರಿದ ಪಟ್ಟಿ ಹಾಗಲ್ಲ.

ಕಾಪಾಡುವುದು

ಅಲಗಿಗೆ ಮೂರು ತಿಂಗಳಿಗೊಮ್ಮೆ, ಕರಾವಳಿ-ಮಲೆನಾಡಿನ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಳೆ ಎಣ್ಣೆ ಒರೆಸಿ ಹೊಸದರ ತೆಳು ಪೊರೆ ಹಚ್ಚಿ. ಹನಿ ನಿಲ್ಲುವಷ್ಟು ಹಚ್ಚಿದರೆ ಅದು ಒರೆಗಿಳಿದು ಧೂಳು ಹಿಡಿಯುತ್ತದೆ. ಜಪಾನಿಗಳ ಲವಂಗದ ಎಣ್ಣೆಯೇ ಬೇಕೆಂದಿಲ್ಲ, ಹೊಲಿಗೆ ಯಂತ್ರದ ಎಣ್ಣೆ ಸಾಕು. ತೆಂಗಿನೆಣ್ಣೆ, ಅಡುಗೆ ಎಣ್ಣೆ ಬೇಡ. ಅವು ಕಮಟಾಗಿ ಹುಳಿಯೇರಿ ಉಕ್ಕನ್ನೇ ತಿನ್ನುತ್ತವೆ. ಲೋಹದ ಒರೆಗೆ ಚರ್ಮದ ಹೊದಿಕೆಯಿದ್ದರೆ ಬಿಡಿಸಿ ಬೇರೆ ಇಡಿ, ಅದು ತೇವ ಹಿಡಿದು ಕೆಳಗಿನ ಲೋಹಕ್ಕೆ ತುಕ್ಕು ತರುತ್ತದೆ. 95ನೇ ಮಾದರಿಯ ಬಣ್ಣದ ಹಿಡಿಗೆ ಆಲ್ಕೊಹಾಲ್ ತಾಗಿಸಬೇಡಿ. ಆಯುಧ ಪೂಜೆಗೋ ಕೈಲ್ ಪೊಳ್ದ್‌ಗೋ ಇಡುವ ಮನೆಯಾದರೆ ಗಂಧ-ಕುಂಕುಮ ಒರೆಗೇ ಸಾಕು. ಒದ್ದೆ ಕುಂಕುಮ ಒಂದು ರಾತ್ರಿ ಅಲಗಿನ ಮೇಲೆ ಕೂತರೆ ಬೆಳಗ್ಗೆ ಅದೇ ಆಕಾರದ ಕಲೆ ಏಳುತ್ತದೆ, ಅದನ್ನು ತೆಗೆಯಲು ಕಲಿತ ಮಸೆಗಾರ ನಮ್ಮಲ್ಲಿ ಸಿಗುವುದು ಕಷ್ಟ.

ಕಾಗದಪತ್ರ

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಒಂಬತ್ತು ಅಂಗುಲ ಮೀರಿದ ಅಲಗಿನ ಕತ್ತಿಗಳನ್ನು ಶಸ್ತ್ರವೆಂದೇ ಎಣಿಸುತ್ತವೆ. ಇಟ್ಟುಕೊಳ್ಳಲು ಪರವಾನಗಿ ಬೇಕೇ ಎಂಬುದು ಆಯಾ ಪ್ರದೇಶಕ್ಕೆ ಹೊರಡಿಸಿದ ಅಧಿಸೂಚನೆಯ ಮೇಲೆ ನಿಂತಿದೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಥವಾ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಹೊರದೇಶದಿಂದ ತರಿಸಲು ಆಮದು ಪರವಾನಗಿ ಬೇಕು. ಅದಿಲ್ಲದೆ ತರಿಸಿದ ಪಾರ್ಸಲ್ ಕಸ್ಟಮ್ಸ್‌ನಲ್ಲೇ ಉಳಿಯುತ್ತದೆ. ಸೇನಾ ಸಜ್ಜಿನೊಳಗೆ ನೂರು ವರ್ಷ ಮೀರಿದ ಅಲಗು ಸಿಕ್ಕರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಸೇರುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ: ಅಲ್ಲಿ 2008ರಿಂದ 50 ಸೆಂಟಿಮೀಟರ್ ಮೀರಿದ ಬಾಗು ಕತ್ತಿಗಳ ಮಾರಾಟಕ್ಕೆ ನಿಷೇಧವಿದೆ. 1954ಕ್ಕೆ ಮುಂಚಿನವು, ಸಾಂಪ್ರದಾಯಿಕವಾಗಿ ಮಾಡಿದವು ಇದರಿಂದ ಹೊರತು.

ಶರಣಾಗತಿ ಚೀಟಿಯಲ್ಲಿ ಹೆಸರು ಸಿಕ್ಕಿ, ಕತ್ತಿಯನ್ನು ಜಪಾನಿನ ಆ ಮನೆಗೇ ಮರಳಿಸಬೇಕೆಂದು ಅನ್ನಿಸಿದರೆ ಆತುರಪಡಬೇಡಿ. ಜಪಾನಿನ 1958ರ ಕಾಯ್ದೆಯ ಪ್ರಕಾರ ಅಲ್ಲಿ ನೋಂದಣಿ ಸಿಗುವುದು ಕಲಾಮೌಲ್ಯವುಳ್ಳ, ಸಾಂಪ್ರದಾಯಿಕವಾಗಿ ಮಾಡಿದ ಅಲಗಿಗೆ ಮಾತ್ರ. ನೋಂದಣಿಯಿಲ್ಲದ ಅಲಗನ್ನು ಆ ಮನೆಯವರು ಇಟ್ಟುಕೊಳ್ಳುವಂತಿಲ್ಲ. ಗೆಂದಾಯ್‌ತೊ ಅಥವಾ ಹಳೆ ಅಲಗಾದರೆ ದಾರಿಯಿದೆ, ಆದರೆ ಹಳೆಯದಕ್ಕೆ ಇಲ್ಲಿಂದಲೇ ಹೊರಡಲು ಮೇಲೆ ಹೇಳಿದ ಅಡ್ಡಿಯಿದೆ. ಶೋವಾತೊ, 95ನೇ ಮಾದರಿಗಳಿಗೆ ಅಲ್ಲಿ ಬಾಗಿಲು ಮುಚ್ಚಿದೆ. ಅಂಥ ಸಂದರ್ಭದಲ್ಲಿ ಕಳಿಸಬಹುದಾದದ್ದು ಗೊಂಡೆ, ಚೀಟಿ, ಲಾಂಛನವಿರುವ ಟೊಪ್ಪಿಗೆ, ಮತ್ತು ನಾಕಾಗೊದ ಎರಡೂ ಮಗ್ಗುಲ ಫೋಟೊ.